ಹಗ್ಗ ಹಿಡಿದವರು ಎಲ್ಲಿದ್ದರು?

ಪ್ರಶ್ನೆ: ಮೇಡಂ, ನಾನು ಶಿರಸಿಯವನು. ಅಡಿಕೆ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಜೊತೆಗೆ ಹೋಮ್ ಗಾರ್ಡ್ ಕೂಡ. ಮಾರಿಕಾಂಬಾ ಜಾತ್ರೆಯಲ್ಲಿ ಬಂದೋಬಸ್ತ್ ಡ್ಯೂಟಿ ಮಾಡಿದ್ದೇನೆ. ಮೊನ್ನೆ ಗೆಳೆಯನ ರೂಮಿನಲ್ಲಿ 2010ರ ಒಂದು ಇಂಗ್ಲಿಷ್ ಸಿನಿಮಾ ನೋಡಿದೆವು. ಏಡ್ರಿಯನ್ ಬ್ರೋಡಿ, ಫಾರೆಸ್ಟ್ ವಿಟೇಕರ್ ಇದ್ದಾರೆ. ಸುಳ್ಳು ಜೈಲು ಕಟ್ಟಿ, ಕೆಲವರನ್ನು ಕೈದಿ, ಕೆಲವರನ್ನು ಗಾರ್ಡ್ ಮಾಡುವ ಕಥೆ. ಸೈಕಲಾಜಿಕಲ್ ಥ್ರಿಲ್ಲರ್ ಅಂದಿದ್ದರು. ನನಗೆ ಅರ್ಧಕ್ಕೇ ನಿದ್ದೆ ಬಂತು. ಆದರೆ ಗೆಳೆಯ ಹೇಳಿದ, ಇದು ನಿಜವಾಗಿ ನಡೆದದ್ದು, ಖಾಕಿ ಹಾಕಿದರೆ ಯಾರಾದರೂ ರಾಕ್ಷಸರಾಗುತ್ತಾರೆ ಅಂತ ಸೈನ್ಸೇ ತೋರಿಸಿದೆ, ನೀನೂ ಜಾತ್ರೆಯಲ್ಲಿ ಹಾಗೇ ಆಗಿದ್ದೆ ಅಂತ. ಒಂದು ಸಂಜೆ ಬಿಡಕಿಬೈಲಿನಲ್ಲಿ ಸಾಲು ಮುರಿದ ಹುಡುಗನ ಕಾಲರ್ ಹಿಡಿದದ್ದು ನಿಜ. ಪಕ್ಕದಲ್ಲಿದ್ದ ಹಿರಿಯ ಹೋಮ್ ಗಾರ್ಡ್ ‘ಬಿಡು ಮಾರಾಯಾ’ ಅಂದ ಮೇಲೆ ಬಿಟ್ಟೆ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಸಿನಿಮಾ ಅಷ್ಟು ಸಪ್ಪೆ ಯಾಕಾಯಿತು? ಗೆಳೆಯ ಹೇಳಿದ್ದು ನಿಜವಾ?

ಉತ್ತರ:

ನಿದ್ದೆ ಬಂದದ್ದು ನಿಮ್ಮ ತಪ್ಪಲ್ಲ. ನಾನು ಆ ಸಿನಿಮಾವನ್ನು ಎರಡು ಸಲ ನೋಡಿದ್ದೇನೆ. ಎರಡನೆಯದು ನಿಮ್ಮ ಪ್ರಶ್ನೆಗಾಗಿಯೇ, ಕಳೆದ ವಾರ. ಹೊರಗೆ ಕಾರವಾರದ ಮಳೆ, ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯಿತು. ಎರಡೂ ಸಲ ಬೇಜಾರೇನೂ ಆಗಲಿಲ್ಲ.

ಇಬ್ಬರು ಆಸ್ಕರ್ ಗೆದ್ದ ನಟರಿದ್ದೂ ಅಮೆರಿಕದಲ್ಲಿ ಅದು ಥಿಯೇಟರಿಗೆ ಬರಲೇ ಇಲ್ಲ. ನೇರ ಡಿವಿಡಿಗೆ ಹೋಯಿತು. ಅದು 2001ರ ಒಂದು ಜರ್ಮನ್ ಸಿನಿಮಾದ ರೀಮೇಕ್. ಆ ಜರ್ಮನ್ ಸಿನಿಮಾ ಒಂದು ಕಾದಂಬರಿಯಿಂದ ಬಂದದ್ದು. ಆ ಕಾದಂಬರಿಗೆ ಎಳೆ ಸಿಕ್ಕಿದ್ದು 1971ರ ಒಂದು ನಿಜವಾದ ಪ್ರಯೋಗದಿಂದ. ಅಂದರೆ ನಿಮ್ಮ ಕೈಗೆ ಬಂದದ್ದು ಮೂರನೇ ಸಲ ನೀರು ಹಾಕಿ ಕುದಿಸಿದ ಕಷಾಯ.

ಆದರೆ ನೀರು ಜಾಸ್ತಿಯಾದದ್ದಷ್ಟೇ ಅದರ ದೋಷವಲ್ಲ. ವಿಟೇಕರ್ ಮಾಡಿದ ಪಾತ್ರವನ್ನೇ ನೋಡಿ. ವಯಸ್ಸಾದರೂ ಅಮ್ಮನ ಕೈಕೆಳಗೆ ನಲುಗುತ್ತಾ ಬದುಕುವ ಮನುಷ್ಯ. ಗಾರ್ಡ್ ಆದದ್ದೇ ತಡ, ತಲೆ ಬೋಳಿಸಿಕೊಂಡು ಅಬ್ಬರಿಸುತ್ತಾನೆ. ಸಿನಿಮಾ ಬಾಯಲ್ಲಿ ಹೇಳುವುದು ‘ಪರಿಸ್ಥಿತಿ ಮನುಷ್ಯನನ್ನು ಕೆಡಿಸುತ್ತದೆ’ ಅಂತ. ಕಥೆಯಲ್ಲಿ ತೋರಿಸುವುದು, ಇವನ ಒಳಗೆ ಮೊದಲೇ ಹುಳ ಇತ್ತು ಅಂತ. ಎರಡೂ ಒಟ್ಟಿಗೆ ಹೇಗಾಗುತ್ತದೆ? ಬ್ರೋಡಿಯ ಪಾತ್ರಕ್ಕೆ ಹಣ ಬೇಕಿರುವುದು ಹುಡುಗಿಯ ಹಿಂದೆ ಇಂಡಿಯಾಕ್ಕೆ ಬರಲಿಕ್ಕೆ. ಅಲ್ಲಿ ನಾನು ಸ್ವಲ್ಪ ಎದ್ದು ಕುಳಿತೆ. ಗೋಕರ್ಣಕ್ಕೇ ಬರುತ್ತಾನೇನೋ, ಓಂ ಬೀಚಿನಲ್ಲಿ ಗಿಟಾರ್ ಬಾರಿಸುವವರ ಜೊತೆ ಸೇರುತ್ತಾನೇನೋ ಅಂತ. ಕಥೆಗೆ ಅದರಿಂದ ಏನೂ ಆಗುವುದಿಲ್ಲ ಬಿಡಿ.

ಇನ್ನೊಂದು, ಹಣ. ಸಿನಿಮಾದಲ್ಲಿ ದಿನಕ್ಕೆ ಸಾವಿರ ಡಾಲರ್. ನಿಜವಾದ ಪ್ರಯೋಗದಲ್ಲಿ ದಿನಕ್ಕೆ 15 ಡಾಲರ್. ಆಗ ಡಾಲರಿಗೆ ಸುಮಾರು ಏಳೂವರೆ ರೂಪಾಯಿ, ನೂರಹನ್ನೆರಡು ರೂಪಾಯಿ ಅಂತಿಟ್ಟುಕೊಳ್ಳಿ. ಅಮೆರಿಕದ ವಿದ್ಯಾರ್ಥಿಗೆ ಅದು ಬೇಸಿಗೆ ರಜೆಯ ಸಣ್ಣ ಸಂಪಾದನೆ. ಸಾವಿರ ಡಾಲರಿಗಾಗಿ ಹಲ್ಲು ಕಚ್ಚಿ ಕೂತರೆ ಅದು ದುಡ್ಡಿನ ಕಥೆ. 15 ಡಾಲರಿಗೆ, ಎದ್ದು ಹೋಗದೆ ಕೂತರೆ ಅದು ಮನಸ್ಸಿನ ಕಥೆ. ಸಿನಿಮಾದವರು ಸುಲಭದ್ದನ್ನು ಆರಿಸಿಕೊಂಡರು.

ಒಂದೇ ಒಂದು ಒಳ್ಳೆಯ ಉಪಾಯ ಅದರಲ್ಲಿದೆ. ಕೆಂಪು ದೀಪ. ಹಿಂಸೆ ನಡೆದರೆ ದೀಪ ಹೊತ್ತುತ್ತದೆ, ಆಟ ಮುಗಿಯುತ್ತದೆ ಎಂದು ಮೊದಲೇ ಹೇಳಿರುತ್ತಾರೆ. ಗಾರ್ಡುಗಳು ಏನಾದರೂ ಮಾಡಿ ದೀಪದ ಕಡೆ ನೋಡುತ್ತಾರೆ. ಹೊತ್ತುವುದಿಲ್ಲ. ಹಾಗಾದರೆ ಸರಿಯೇ ಇರಬೇಕು ಅಂದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಇದು ಎಂಥಾ ಜಾಗ! ಇಲ್ಲಿಂದ ಒಂದು ನಿಜವಾದ ಸಿನಿಮಾ ಹುಟ್ಟಬಹುದಿತ್ತು. ದೀಪದ ಸ್ವಿಚ್ಚಿನ ಪಕ್ಕ ಕೂತಿರುವವನು ಯಾರು, ಅವನು ಯಾಕೆ ಒತ್ತುತ್ತಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಶುರುವಿನಲ್ಲಿ ಬಂದು ಮಾತಾಡಿದ ವಿಜ್ಞಾನಿ ಕಥೆಯಿಂದಲೇ ಮಾಯ. ಉಳಿದದ್ದು ಹೊಡೆದಾಟ.

ನೀವು ಶಿರಸಿಯವರಾದ್ದರಿಂದ ನನಗೆ ಇದನ್ನು ಹೇಳುವುದು ಸುಲಭ. ಬೇಡರ ವೇಷ ನೋಡಿಯೇ ಬೆಳೆದಿರುತ್ತೀರಿ. ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ಮುಖಕ್ಕೆ ಬಣ್ಣ, ತಮಟೆಯ ಏಟಿಗೆ ಕುಣಿಯುತ್ತಾ ಜನರ ಮೇಲೆ ಏರಿ ಬರುವ ಬೇಡ. ಬೇರೆ ಊರಿನವರು ಬಂದರೆ ಅವನನ್ನೇ ನೋಡುತ್ತಾರೆ, ಅವನ ಫೋಟೊ ತೆಗೆಯುತ್ತಾರೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದು ಎಳೆಯುತ್ತಿರುವ ಇಬ್ಬರನ್ನು ಯಾರೂ ನೋಡುವುದಿಲ್ಲ. ಆದರೆ ಬೇಡ ಎಷ್ಟು ಮುಂದೆ ಹೋಗಬಹುದು ಅನ್ನುವುದು ಆ ಇಬ್ಬರ ಕೈಯಲ್ಲಿದೆ ಅಲ್ವಾ? ಅದರ ಹಿಂದಿನ ಕಥೆಯೂ ನಿಮಗೆ ಗೊತ್ತು. ಹೇಳುವವರ ಬಾಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗುತ್ತದೆ, ಆದರೆ ತಿರುಳು ಒಂದೇ. ಸೋಂದೆ ಅರಸರ ಕಾಲದಲ್ಲಿ ಊರು ಕಾಯಲು ಇಟ್ಟ ಮಲ್ಲೇಶಿ ಎಂಬವನು ಊರಿನ ಹೆಣ್ಣುಮಕ್ಕಳಿಗೇ ಕಂಟಕನಾದ. ಕಾಯಲು ಬಂದವನೇ ಕಾಡಿದ ಕಥೆ. ಕ್ಯಾಲಿಫೋರ್ನಿಯಾದ ಆ 1971ರ ಪ್ರಯೋಗಕ್ಕೆ ಬಹಳ ಮೊದಲೇ ನಮ್ಮವರು ಅದಕ್ಕೆ ಗೆಜ್ಜೆ ಕಟ್ಟಿದ್ದರು. ಹಗ್ಗವನ್ನೂ ಕಟ್ಟಿದ್ದರು.

ಈಗ ನಿಜವಾದ ಪ್ರಯೋಗಕ್ಕೆ ಬರುತ್ತೇನೆ.

1971ರ ಆಗಸ್ಟ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಮನಶ್ಶಾಸ್ತ್ರದ ಪ್ರೊಫೆಸರ್ ಫಿಲಿಪ್ ಜಿಂಬಾರ್ಡೊ ವಿಭಾಗದ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಜೈಲು ಕಟ್ಟಿಸಿದರು. ಹಣ ಕೊಟ್ಟಿದ್ದು ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಬಂದವರಲ್ಲಿ 24 ಹುಡುಗರನ್ನು ಆರಿಸಿದರು. ಯಾರು ಕೈದಿ, ಯಾರು ಗಾರ್ಡ್ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಎರಡು ವಾರ ನಡೆಯಬೇಕಿತ್ತು. ಆರನೇ ದಿನಕ್ಕೆ ನಿಲ್ಲಿಸಿದರು.

ಪಾಲೊ ಆಲ್ಟೊ ಊರಿನ ನಿಜವಾದ ಪೊಲೀಸರೇ ಕೈದಿಗಳನ್ನು ಅವರವರ ಮನೆಯಿಂದ ಹಿಡಿದು ತಂದರು. ನೆರೆಮನೆಯವರು ನೋಡುತ್ತಿರುವ ಹಾಗೆಯೇ. ಮೈಮೇಲೆ ನಿಲುವಂಗಿ ಬಿಟ್ಟರೆ ಬೇರೇನೂ ಇಲ್ಲ, ಕಾಲಿಗೆ ಸರಪಳಿ, ತಲೆಗೆ ನೈಲಾನ್ ಕಾಲುಚೀಲದ ಟೊಪ್ಪಿ, ಹೆಸರಿನ ಬದಲು ನಂಬರು. ಗಾರ್ಡುಗಳಿಗೆ ಖಾಕಿ, ಸೀಟಿ, ಲಾಠಿ ಮತ್ತು ಕಣ್ಣು ಕಾಣದಂತೆ ಕನ್ನಡಿ ಹೊಳಪಿನ ಕಪ್ಪು ಕನ್ನಡಕ. ಮೊದಲ ರಾತ್ರಿಯೇ ಎರಡೂವರೆಗೆ ಸೀಟಿ ಊದಿ ಎಬ್ಬಿಸಿ ನಂಬರ್ ಹೇಳಿಸಿದರು. ಮಾರನೇ ಬೆಳಿಗ್ಗೆ ಕೈದಿಗಳು ಬಾಗಿಲಿಗೆ ಮಂಚ ಅಡ್ಡ ಇಟ್ಟು ದಂಗೆ ಎದ್ದರು. ಗಾರ್ಡುಗಳು ಬೆಂಕಿ ಆರಿಸುವ ಸಿಲಿಂಡರಿನ ಗ್ಯಾಸ್ ಬಿಟ್ಟು ಒಳನುಗ್ಗಿ, ಬಟ್ಟೆ ಬಿಚ್ಚಿಸಿ, ಮಂಚ ಹೊರಗೆ ಹಾಕಿದರು. ಅಲ್ಲಿಂದ ಮುಂದೆ ಬಸ್ಕಿ, ದಂಡ, ಬರಿಗೈಯಲ್ಲಿ ಶೌಚದ ತೊಟ್ಟಿ ತೊಳೆಸುವುದು, ನಿದ್ದೆ ಕೆಡಿಸುವುದು. ಐದು ಜನ ಕೈದಿಗಳನ್ನು ಅವಧಿಗೆ ಮೊದಲೇ ಬಿಡಬೇಕಾಯಿತು.

ಯಾರೂ ಸಾಯಲಿಲ್ಲ. ನಿಮ್ಮ ಸಿನಿಮಾದಲ್ಲಿರುವ ರಕ್ತ, ಕೊಲೆ ಯಾವುದೂ ನಡೆಯಲಿಲ್ಲ. ನಡೆದದ್ದೆಲ್ಲ ಸಣ್ಣ ಸಣ್ಣದು. ನನ್ನ ಮಟ್ಟಿಗೆ ಅದೇ ಹೆಚ್ಚು ಭಯಂಕರ. ಒಂದು ಪ್ರಸಂಗ ಹೇಳುತ್ತೇನೆ. ತಡವಾಗಿ ಸೇರಿದ 416ನೇ ನಂಬರಿನ ಕೈದಿ ಊಟ ಬಿಟ್ಟು ಪ್ರತಿಭಟಿಸಿದ. ಅವನನ್ನು ಕತ್ತಲೆಯ ಸಣ್ಣ ಗೂಡಿಗೆ ಹಾಕಿದರು. ಆಮೇಲೆ ಗಾರ್ಡ್ ಒಬ್ಬ ಉಳಿದ ಕೈದಿಗಳಿಗೆ ಹೇಳಿದ, ನಿಮ್ಮ ಕಂಬಳಿ ಕೊಟ್ಟರೆ ಇವನನ್ನು ಬಿಡುತ್ತೇನೆ, ಕೊಡದಿದ್ದರೆ ರಾತ್ರಿಯಿಡೀ ಅಲ್ಲೇ ಇರಲಿ ಅಂತ. ಹೆಚ್ಚಿನವರು ಕಂಬಳಿ ಇಟ್ಟುಕೊಂಡರು. ಇದರಲ್ಲಿ ಒಂದು ಹನಿ ರಕ್ತ ಇಲ್ಲ. ಥ್ರಿಲ್ಲರಿನವರಿಗೆ ಇದು ಸಾಲದು ಅನ್ನಿಸಿತೋ ಏನೋ.

ಈಗ ಹಗ್ಗದ ಕಡೆ ನೋಡಿ. ಜೈಲಿನ ಸೂಪರಿಂಟೆಂಡೆಂಟ್ ಯಾರು? ಜಿಂಬಾರ್ಡೊ ಅವರೇ. ವಾರ್ಡನ್ ಅವರದೇ ವಿದ್ಯಾರ್ಥಿ. ಅಂದರೆ ಹಗ್ಗ ಹಿಡಿಯಬೇಕಾದವರೂ ಬಣ್ಣ ಹಚ್ಚಿಕೊಂಡು ಕುಣಿತಕ್ಕೆ ಇಳಿದಿದ್ದರು. ಕೈದಿಗಳನ್ನು ಬಿಡಿಸಲು ಹೊರಗಿನವರು ನುಗ್ಗುತ್ತಾರೆ ಎಂಬ ಗಾಳಿಸುದ್ದಿ ಬಂದಾಗ ಜಿಂಬಾರ್ಡೊ ಏನು ಮಾಡಿದರು ಗೊತ್ತಾ? ಕೈದಿಗಳನ್ನು ಪೊಲೀಸರ ಹಳೆಯ ಲಾಕಪ್ಪಿಗೆ ಸಾಗಿಸಲು ಕೇಳಿದರು. ಪೊಲೀಸರು ವಿಮೆಯ ತೊಡಕು ಹೇಳಿ ಒಪ್ಪಲಿಲ್ಲ. ಪ್ರೊಫೆಸರಿಗೆ ಸಿಟ್ಟು ಬಂತು. ಕೈದಿಗಳ ತಲೆಗೆ ಚೀಲ ಹಾಕಿ ಮೇಲಿನ ಮಹಡಿಗೆ ಸಾಗಿಸಿ, ಖಾಲಿ ಜೈಲಿನಲ್ಲಿ ತಾನೊಬ್ಬರೇ ಕಾಯುತ್ತಾ ಕೂತರು. ಆ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಬಂದು ಸಹಜವಾಗಿ ಒಂದು ಪ್ರಶ್ನೆ ಕೇಳಿದರು. ನಿಮ್ಮ ಪ್ರಯೋಗದಲ್ಲಿ ಸ್ವತಂತ್ರ ಚರ ಯಾವುದು, ಅಂದರೆ ಏನನ್ನು ಬದಲಿಸಿ ಏನನ್ನು ಅಳೆಯುತ್ತಿದ್ದೀರಿ ಅಂತ. ನಾವು ಬಿ.ಎ. ಮೊದಲ ವರ್ಷದಲ್ಲಿ ಕಲಿಸುವ ಪಾಠ ಅದು. ಜಿಂಬಾರ್ಡೊಗೆ ಅದಕ್ಕೂ ಸಿಟ್ಟೇ ಬಂತು. ಜೈಲು ಒಡೆಯುವವರು ಬರುತ್ತಿದ್ದಾರೆ, ಇವನಿಗೆ ಪಾಠದ ಚಿಂತೆ ಅಂತ. ನಾನೊಬ್ಬ ಜೈಲಿನ ಅಧಿಕಾರಿಯಾಗಿಬಿಟ್ಟಿದ್ದೆ ಎಂದು ಮುಂದೆ ಅವರೇ ಒಪ್ಪಿಕೊಂಡರು.

ನಿಲ್ಲಿಸಿದ್ದು ಕ್ರಿಸ್ಟಿನಾ ಮ್ಯಾಸ್ಲಾಕ್. ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದ ಹುಡುಗಿ. ಐದನೇ ದಿನ ರಾತ್ರಿ ಸಂದರ್ಶನ ಮಾಡಲು ಬಂದಿದ್ದರು. ಕೈದಿಗಳು ತಲೆಗೆ ಕಾಗದದ ಚೀಲ ಹಾಕಿಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಶೌಚಕ್ಕೆ ಹೋಗುತ್ತಿರುವುದನ್ನು ಕಂಡರು. ಹೊರಗೆ ಬಂದು ಜಿಂಬಾರ್ಡೊ ಜೊತೆ ಜಗಳಕ್ಕೇ ನಿಂತರು. ಈ ಹುಡುಗರಿಗೆ ನೀವು ಮಾಡುತ್ತಿರುವುದು ಘೋರ ಅಂದರು. ಹೆತ್ತವರು, ಪಾದ್ರಿ, ಕಾರ್ಯದರ್ಶಿಗಳು ಎಂದು ಐವತ್ತಕ್ಕೂ ಹೆಚ್ಚು ಜನ ಆ ಜೈಲು ನೋಡಿ ಹೋಗಿದ್ದರು. ಹಾಗೆ ಎದುರು ನಿಂತವರು ಅವರೊಬ್ಬರೇ ಎಂದು ಜಿಂಬಾರ್ಡೊ ಹೇಳುತ್ತಿದ್ದರು. ಮುಂದೆ ಇಬ್ಬರೂ ಮದುವೆಯಾದರು. ಕೆಲಸದ ಒತ್ತಡದಲ್ಲಿ ಮನಸ್ಸು ಬತ್ತಿಹೋಗುವುದನ್ನು ಈಗ ಎಲ್ಲರೂ ಬರ್ನ್‌ಔಟ್ ಅನ್ನುತ್ತಾರಲ್ಲ, ಅದನ್ನು ಅಳೆಯುವ ವಿಧಾನ ರೂಪಿಸಿದವರಲ್ಲಿ ಮೊದಲಿಗರು ಇದೇ ಮ್ಯಾಸ್ಲಾಕ್. ಇಂಥ ಪಾತ್ರ ಕೈಯಲ್ಲಿದ್ದೂ ನಿಮ್ಮ ಸಿನಿಮಾ ಅದನ್ನು ಬಿಟ್ಟಿದೆ. ನನಗೆ ಅತಿ ಹೆಚ್ಚು ನಿರಾಸೆಯಾದದ್ದು ಇಲ್ಲೇ.

ನಿಮ್ಮ ಗೆಳೆಯನ ಮಾತಿಗೆ ಬರೋಣ. ‘ಖಾಕಿ ಹಾಕಿದರೆ ಯಾರಾದರೂ ರಾಕ್ಷಸ.’ ಬಹಳ ವರ್ಷ ನಾವೂ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ಹೇಳಿದ್ದೇವೆ. ಪಠ್ಯಪುಸ್ತಕದಲ್ಲಿ ಹಾಗಿತ್ತು. ನಾನೂ ಹೇಳಿದ್ದೇನೆ, ತಪ್ಪು ಒಪ್ಪಿಕೊಳ್ಳುತ್ತೇನೆ. ತಮಾಷೆ ಅಂದರೆ ಜಿಂಬಾರ್ಡೊ ಅವರ ಸ್ವಂತ ವರದಿಯನ್ನು ಓದಿದರೂ ಆ ಮಾತು ನಿಲ್ಲುವುದಿಲ್ಲ. ಗಾರ್ಡುಗಳಲ್ಲಿ ಕ್ರೂರವಾಗಿ ನಡೆದುಕೊಂಡವರು ಸುಮಾರು ಮೂರರಲ್ಲಿ ಒಂದು ಪಾಲು. ಉಳಿದವರಲ್ಲಿ ಕೆಲವರು ಬಿಗಿಯಾಗಿದ್ದರೂ ನ್ಯಾಯವಾಗಿದ್ದರು. ಕೆಲವರು ಕೈದಿಗಳಿಗೆ ಸಣ್ಣಪುಟ್ಟ ಉಪಕಾರ ಮಾಡಿದರು. ಅದೇ ಖಾಕಿ, ಅದೇ ಕನ್ನಡಕ.

2018ರ ನಂತರ ಇನ್ನಷ್ಟು ಹೊರಬಂತು. ಫ್ರಾನ್ಸಿನ ಸಂಶೋಧಕ ತಿಬೊ ಲ ತೆಕ್ಸಿಯೆ ಸ್ಟ್ಯಾನ್‌ಫರ್ಡಿನಲ್ಲಿದ್ದ ಹಳೆಯ ಟೇಪು, ಕಾಗದಗಳನ್ನೆಲ್ಲ ಕೂತು ಕೇಳಿದರು, ಓದಿದರು. ಶುರುವಿಗೆ ಮೊದಲು ಗಾರ್ಡುಗಳಿಗೆ ತರಬೇತಿ ಸಭೆ ನಡೆದಿತ್ತು. ಕೈ ಮಾಡಬೇಡಿ ಎಂದಿದ್ದರು, ಅದು ನಿಜ. ಆದರೆ ಕೈದಿಗಳಿಗೆ ಬೇಸರ ಹುಟ್ಟಿಸಬಹುದು, ಹೆದರಿಕೆ ಹುಟ್ಟಿಸಬಹುದು, ಅವರ ಬದುಕು ಪೂರ್ತಿ ನಮ್ಮ ಕೈಯಲ್ಲಿದೆ ಅನ್ನಿಸುವ ಹಾಗೆ ಮಾಡಬಹುದು ಎಂದೂ ಜಿಂಬಾರ್ಡೊ ಹೇಳಿಕೊಟ್ಟಿದ್ದರು. ವಾರ್ಡನ್ ಆಗಿದ್ದ ಹುಡುಗ ಕೆಲವು ತಿಂಗಳ ಹಿಂದೆ ಹಾಸ್ಟೆಲಿನಲ್ಲಿ ಇಂಥದೇ ಜೈಲಾಟ ಆಡಿ ನೋಡಿದ್ದ. ಅಲ್ಲಿನ ನಿಯಮಗಳೇ ಇಲ್ಲಿಗೂ ಬಂದವು. ಮೆತ್ತಗಿದ್ದ ಗಾರ್ಡ್ ಒಬ್ಬನನ್ನು ಕರೆದು, ನೀನು ಇನ್ನೂ ಬಿಗಿಯಾಗಬೇಕು ಎಂದು ಅವನು ಪುಸಲಾಯಿಸಿದ ಮಾತು ಟೇಪಿನಲ್ಲಿದೆ. ಕ್ರೌರ್ಯ ತಾನಾಗಿಯೇ ಮೊಳಕೆಯೊಡೆಯಿತು ಅಂದರು. ಬೀಜವನ್ನೂ ಅವರೇ ಬಿತ್ತಿದ್ದರು, ನೀರನ್ನೂ ಅವರೇ ಹನಿಸಿದ್ದರು.

ಎಲ್ಲರಿಗಿಂತ ಕ್ರೂರಿ ಎಂದು ಹೆಸರಾದ ಗಾರ್ಡಿನ ಮಾತು ಇನ್ನೂ ಸೊಗಸು. ಅವನಿಗೆ ನಾಟಕದ ಹುಚ್ಚಿತ್ತು. ಹಳೆಯ ಜೈಲು ಸಿನಿಮಾವೊಂದರ ಅಧಿಕಾರಿಯ ಪಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಅಮೆರಿಕದ ದಕ್ಷಿಣದವರ ಧಾಟಿಯಲ್ಲಿ ಮಾತಾಡಿ, ಬೇಕೆಂದೇ ಆ ವೇಷ ಕಟ್ಟಿದೆ ಎಂದು ಮುಂದೆ ಹೇಳಿದ. ಸಂಶೋಧಕರಿಗೆ ಏನಾದರೂ ಸಿಗಲಿ ಅಂತಲೂ ಹೇಳಿದ. ನೋಡಿ, ಸಿನಿಮಾ ನೋಡಿ ಅವನು ಪ್ರಯೋಗದಲ್ಲಿ ಕುಣಿದ, ಆ ಪ್ರಯೋಗ ನೋಡಿ ಇವರು ಸಿನಿಮಾ ತೆಗೆದರು, ಅದನ್ನು ನೋಡಿ ನಿಮ್ಮ ಗೆಳೆಯ ನಿಮ್ಮನ್ನು ರಾಕ್ಷಸ ಅಂದ.

ಮೊದಲು ಹೊರಬಿದ್ದ 8612ನೇ ನಂಬರಿನ ಕೈದಿ ಕಿರುಚಾಡಿದ ಟೇಪು ಲೋಕಪ್ರಸಿದ್ಧ. ಆ ಕಿರುಚಾಟ ನಟನೆ, ಪರೀಕ್ಷೆಗೆ ಓದಿಕೊಳ್ಳಬಹುದು ಎಂದು ಬಂದಿದ್ದೆ, ಪುಸ್ತಕ ಕೊಡಲಿಲ್ಲ, ಅದಕ್ಕೆ ಹೊರಬರಲು ಹಾಗೆ ಮಾಡಿದೆ ಎಂದು ಅವನು 2018ರ ಹೊತ್ತಿಗೆ ಹೇಳಿದ. ಆದರೆ ಅದಕ್ಕೂ ಮೊದಲು ಬೇರೆ ಥರ ಹೇಳಿದ್ದೂ ಉಂಟು. ಹಾಗಾಗಿ ನಾನು ಎಲ್ಲವೂ ನಾಟಕ ಎಂದು ತೀರ್ಪು ಕೊಡುವುದಿಲ್ಲ. ನಿದ್ದೆಗೆಟ್ಟು, ಬಟ್ಟೆ ಕಳೆದುಕೊಂಡು, ನಂಬರಾಗಿ ಕೂತ ಹುಡುಗರ ಸಂಕಟ ಸುಳ್ಳಾಗುವುದಿಲ್ಲ. ಜಿಂಬಾರ್ಡೊ ಕೂಡ ಟೀಕೆಗಳಿಗೆ ಉತ್ತರ ಕೊಟ್ಟು, ತನ್ನ ತೀರ್ಮಾನವನ್ನು ಬಿಟ್ಟುಕೊಡದೆ, 2024ರ ಅಕ್ಟೋಬರಿನಲ್ಲಿ 91ನೇ ವಯಸ್ಸಿಗೆ ತೀರಿಕೊಂಡರು.

ಇನ್ನೆರಡು ಅಧ್ಯಯನಗಳನ್ನು ನಿಮ್ಮ ಗೆಳೆಯನಿಗೆ ಹೇಳಿ. 2007ರಲ್ಲಿ ಕಾರ್ನಹನ್ ಮತ್ತು ಮ್ಯಾಕ್‌ಫರ್ಲೆಂಡ್ ಎಂಬಿಬ್ಬರು ಎರಡು ಜಾಹೀರಾತು ಕೊಟ್ಟರು. ಒಂದರಲ್ಲಿ ‘ಜೈಲು ಜೀವನದ ಅಧ್ಯಯನಕ್ಕೆ’ ಎಂದಿತ್ತು. ಇನ್ನೊಂದರಲ್ಲಿ ಆ ಜೈಲಿನ ಮಾತಿರಲಿಲ್ಲ. ಮೊದಲನೆಯದಕ್ಕೆ ಬಂದವರಲ್ಲಿ ಆಕ್ರಮಣದ ಸ್ವಭಾವ, ದರ್ಪ ಜಾಸ್ತಿ, ಮರುಕ ಕಡಿಮೆ ಕಂಡಿತು. ನಾಣ್ಯ ಚಿಮ್ಮುವ ಮೊದಲೇ ಜಾಹೀರಾತು ತನಗೆ ಬೇಕಾದವರನ್ನು ಹೆಕ್ಕಿರಬಹುದು ಅನ್ನುವುದು ಅವರ ಅನುಮಾನ.

ಎರಡನೆಯದು 2001ರ ಕೊನೆಗೆ ಇಂಗ್ಲೆಂಡಿನಲ್ಲಿ ನಡೆದದ್ದು. ಅಲೆಕ್ಸ್ ಹ್ಯಾಸ್ಲಮ್, ಸ್ಟೀಫನ್ ರೈಷರ್ ಎಂಬ ಇಬ್ಬರು ಬಿಬಿಸಿ ಜೊತೆ ಸೇರಿ 15 ಗಂಡಸರನ್ನಿಟ್ಟು ಮತ್ತೆ ಜೈಲು ಮಾಡಿದರು. ಈ ಸಲ ವಿಜ್ಞಾನಿಗಳು ವೇಷ ಹಾಕಲಿಲ್ಲ. ಯಾವಾಗ ಬೇಕಾದರೂ ನಿಲ್ಲಿಸಬಲ್ಲ ಒಂದು ಸಮಿತಿ ಹೊರಗೆ ಕಾಯುತ್ತಿತ್ತು. ಏನಾಯಿತು? ಗಾರ್ಡುಗಳಿಗೆ ದರ್ಪ ತೋರಿಸಲು ಸಂಕೋಚ, ಅವರಲ್ಲೇ ಒಮ್ಮತವಿಲ್ಲ. ಕೈದಿಗಳು ಒಗ್ಗಟ್ಟಾದರು, ಗಾರ್ಡುಗಳ ಆಳ್ವಿಕೆ ಬಿತ್ತು. ಎಲ್ಲರೂ ಸಮಾನರು ಎಂದು ಹೊಸ ವ್ಯವಸ್ಥೆ ಮಾಡಿಕೊಂಡರು. ಅದೂ ಕುಂಟತೊಡಗಿದಾಗ ಕೆಲವರು, ನಾವು ಕಪ್ಪು ಟೊಪ್ಪಿ ಕಪ್ಪು ಕನ್ನಡಕ ಹಾಕಿಕೊಂಡು ಇನ್ನೂ ಬಿಗಿಯಾದ ಆಡಳಿತ ತರುತ್ತೇವೆ ಎಂದು ಹೊರಟರು. ಎಂಟನೇ ದಿನಕ್ಕೆ ನಿಲ್ಲಿಸಿದರು. ನನಗೆ ಇದು ಸ್ಟ್ಯಾನ್‌ಫರ್ಡಿನದಕ್ಕಿಂತ ಹತ್ತು ಪಾಲು ರೋಚಕ ಅನ್ನಿಸುತ್ತದೆ. ಆದರೆ ಇದರ ಮೇಲೆ ಯಾರೂ ಥ್ರಿಲ್ಲರ್ ಮಾಡಲು ಓಡಿ ಬರಲಿಲ್ಲ.

ಒಗ್ಗಟ್ಟಿನ ಮಾತು ಬಂತು. ನಮ್ಮ ಜಿಲ್ಲೆಯಲ್ಲಿ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆಯ ಕಾಲದಲ್ಲಿ ಮನೆಮನೆಯಿಂದ ಜನ ಜೈಲಿಗೆ ಹೋದರು. ನಮ್ಮ ಅಜ್ಜ ಬೆಳಗಾವಿಯ ಹಿಂಡಲಗಾ ಜೈಲಿನ ಕಥೆ ಹೇಳುವಾಗ ಅವರ ದನಿಯಲ್ಲಿ ನೋವಿಗಿಂತ ಜಂಬವೇ ಜಾಸ್ತಿ ಇರುತ್ತಿತ್ತು. ಅಲ್ಲಿಯೂ ನಂಬರಿತ್ತು, ಲಾಠಿಯಿತ್ತು. ಆದರೆ ತಾನು ಯಾಕೆ ಒಳಗಿದ್ದೇನೆ, ಪಕ್ಕದವನು ಯಾರು ಎಂಬುದು ಅವರಿಗೆ ಗೊತ್ತಿತ್ತು. ಸ್ಟ್ಯಾನ್‌ಫರ್ಡಿನ ಹುಡುಗರಿಗೆ ಅದಿರಲಿಲ್ಲ. ಅದಕ್ಕೇ ಕಂಬಳಿ ಗೆದ್ದಿತೇನೋ.

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ಹೇಳಬೇಕು. ಬಹಳ ವರ್ಷದ ಹಿಂದೆ, ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ಯಲ್ಲಾಪುರದ ಕಡೆ ಹಳ್ಳಿಯೊಂದರಲ್ಲಿ ಎನ್‌ಎಸ್‌ಎಸ್ ಶಿಬಿರ ಮಾಡಿದ್ದೆವು. ಶಿಸ್ತು ನೋಡಿಕೊಳ್ಳಲು ನಾಲ್ಕು ಹುಡುಗರಿಗೆ ಕೆಂಪು ರಿಬ್ಬನ್ ಕಟ್ಟಿದೆ. ಮೂರನೇ ದಿನ ಮಧ್ಯಾಹ್ನ ನೋಡಿದರೆ, ಒಬ್ಬ ಹುಡುಗ ಬಿಸಿಲಿನಲ್ಲಿ ಕೈ ಮೇಲೆತ್ತಿ ನಿಂತಿದ್ದಾನೆ. ಪ್ರಾರ್ಥನೆಗೆ ತಡವಾಗಿ ಬಂದನಂತೆ. ಎಷ್ಟು ಹೊತ್ತಿನಿಂದ ನಿಂತಿದ್ದಾನೆ ಎಂದರೆ ಯಾರಿಗೂ ಲೆಕ್ಕವಿಲ್ಲ. ನಿಲ್ಲಿಸಿದವನು ಕ್ಲಾಸಿನ ಅತ್ಯಂತ ಮೆದು ಹುಡುಗ, ತಲೆಯೆತ್ತಿ ಮಾತಾಡದವನು. ರೇಗಿದೆ. ಅವನು ನಿಜವಾಗಿಯೂ ಬೆರಗಾಗಿ ಹೇಳಿದ, “ಮೇಡಂ, ಮೊದಲನೇ ದಿನ ನೀವೇ ಹೇಳಿದ್ರಲ್ಲ, ಯಾರ ಮುಖವನ್ನೂ ನೋಡಬೇಡಿ, ಸ್ಟ್ರಿಕ್ಟ್ ಆಗಿರಿ ಅಂತ. ನಿನ್ನೆ ಇನ್ನೊಬ್ಬನನ್ನ ನಿಲ್ಲಿಸಿದಾಗ ನೀವು ನೋಡಿಕೊಂಡೇ ಹೋದ್ರಿ.”

ಹೋಗಿದ್ದೆ. ಅಡುಗೆಯವರು ಬಂದಿಲ್ಲ ಎಂಬ ಗಡಿಬಿಡಿಯಲ್ಲಿ ನೋಡಿಯೂ ನೋಡದ ಹಾಗೆ ಹೋಗಿದ್ದೆ. ಅವನ ಪಾಲಿಗೆ ದೀಪ ಹೊತ್ತಿರಲಿಲ್ಲ.

ಆ ಸಂಜೆಯೇ ರಿಬ್ಬನ್ ಬಿಚ್ಚಿಸಿದೆ. ಆದರೆ ಬಿಚ್ಚಿಸಿದ್ದರಿಂದ ಸರಿಹೋಯಿತು ಎಂದು ನಾನು ನಂಬುವುದಿಲ್ಲ. ರಿಬ್ಬನ್ನಿನಲ್ಲಿ ಏನೂ ಇರಲಿಲ್ಲ. ಇದ್ದದ್ದು ನನ್ನ ಮೊದಲ ದಿನದ ಮಾತಿನಲ್ಲಿ, ಎರಡನೇ ದಿನದ ಮೌನದಲ್ಲಿ.

ಹಾಗಾಗಿ, ತಮ್ಮಾ, ಬಿಡಕಿಬೈಲಿನ ಸಂಜೆಯ ಬಗ್ಗೆ ನಿಮಗೆ ನನ್ನದು ಕೆಲವು ಪ್ರಶ್ನೆ. ಆ ದಿನ ಡ್ಯೂಟಿಗೆ ನಿಲ್ಲಿಸುವ ಮೊದಲು ನಿಮಗೆ ಏನು ಹೇಳಿದ್ದರು? ಸಾಲು ಮುರಿದವರನ್ನು ಎಳೆದು ಹಾಕಿ ಅಂದಿದ್ದರೋ, ವಯಸ್ಸಾದವರು ಮಕ್ಕಳು ಇರುತ್ತಾರೆ, ನೋಡಿಕೊಳ್ಳಿ ಅಂದಿದ್ದರೋ? ಬೆಳಿಗ್ಗೆಯಿಂದ ಎಷ್ಟು ಹೊತ್ತು ನಿಂತಿದ್ದಿರಿ? ಮಧ್ಯದಲ್ಲಿ ಕೂರಲು, ಆಸರಿಗೆ ಕುಡಿಯಲು ಬಿಟ್ಟಿದ್ದರಾ? ಅದಕ್ಕೂ ಮೊದಲು ಬೇರೆ ಯಾರಾದರೂ ಕಾಲರ್ ಹಿಡಿದದ್ದನ್ನು ಕಂಡು ಯಾರೂ ಏನೂ ಅನ್ನದೆ ಇದ್ದದ್ದುಂಟಾ? ಇವುಗಳ ಉತ್ತರದಲ್ಲಿ ಸಿಗುವಷ್ಟು ಖಾಕಿಯ ಬಣ್ಣದಲ್ಲಿ ಸಿಗುವುದಿಲ್ಲ. ಹಾಗೆಂದು ಕೈ ನಿಮ್ಮದಲ್ಲ ಎಂದು ನಾನು ಹೇಳುತ್ತಿಲ್ಲ. ಕಾಲರ್ ಹಿಡಿದದ್ದು ನಿಮ್ಮದೇ ಕೈ, ಚುಚ್ಚುತ್ತಿರುವುದು ನ್ಯಾಯವೇ. ಆ ಹುಡುಗ ಊರಿನವನೇ ಆಗಿದ್ದರೆ, ಎಂದಾದರೂ ದೇವಿಕೆರೆಯ ಹತ್ತಿರ ಎದುರಾದರೆ, ಒಂದು ಮಾತು ಆಡಿಬಿಡಿ.

ಇನ್ನು ಸಿನಿಮಾ. ಈ ವಿಷಯದ ಮೇಲೆ ಏನಾದರೂ ನೋಡಲೇಬೇಕು ಅನ್ನಿಸಿದರೆ, 2015ರಲ್ಲಿ ಬಂದ ಅಮೆರಿಕನ್ ಸಿನಿಮಾ ಹುಡುಕಿ. ಬಿಲ್ಲಿ ಕ್ರೂಡಪ್ ಎಂಬ ನಟ ಜಿಂಬಾರ್ಡೊ ಪಾತ್ರ ಮಾಡಿದ್ದಾರೆ. ಅದು ನಡೆದದ್ದಕ್ಕೆ ಹೆಚ್ಚು ಹತ್ತಿರ ನಿಲ್ಲುತ್ತದೆ. ಮುಖ್ಯವಾಗಿ, ಪರದೆಯ ಹಿಂದೆ ಕೂತು ನೋಡುತ್ತಿರುವವರ ಮುಖವನ್ನು ಅದು ತೋರಿಸುತ್ತದೆ. ಅದೂ ಉಸಿರುಗಟ್ಟಿಸುವಷ್ಟು ಒಂದೇ ರಾಗ, ಮೊದಲೇ ಹೇಳಿಬಿಡುತ್ತೇನೆ. ಜರ್ಮನ್ನಿನದು ಬಿಗಿಯಾಗಿದೆ, ಕೊನೆಯ ಅರ್ಧ ಗಂಟೆಯನ್ನು ಕಟ್ಟುಕಥೆ ಎಂದೇ ನೋಡಿ. ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿದ್ದೆ ಹೋಗಲು ಬಿಡಬೇಡಿ.

ಒಂದು ಮಾತ್ರ ಉಳಿಯಿತು. ನಿಮ್ಮ ಪ್ರಶ್ನೆಯಲ್ಲಿ ನೀವೇ ಬರೆದು, ನೀವೇ ದಾಟಿಹೋದ ಒಬ್ಬರಿದ್ದಾರೆ. ‘ಬಿಡು ಮಾರಾಯಾ’ ಅಂದ ಆ ಹಿರಿಯರು. ಅವರೂ ಅಷ್ಟೇ ಹೊತ್ತು ನಿಂತಿದ್ದರು, ಅದೇ ಖಾಕಿಯಲ್ಲಿದ್ದರು. ಎರಡೇ ಮಾತಿನಲ್ಲಿ ಹಗ್ಗ ಎಳೆದರು, ನೀವು ನಿಂತಿರಿ. ಮುಂದಿನ ಜಾತ್ರೆಗೆ ಡ್ಯೂಟಿ ಹಾಕುವಾಗ, ಸಾಧ್ಯವಾದರೆ ಅವರ ಪಕ್ಕದ ಜಾಗವನ್ನೇ ಕೇಳಿ ಪಡೆದುಕೊಳ್ಳಿ.